ಭಾಷಾಮಾದರಿಗಳ ನಿರಪಾಯತೆಯ ಪರೀಕ್ಷೆ: ಅರಬ್ಬೀ ಭಾಷೆಯ ನಿದರ್ಶನ

ಪ್ರಶ್ನೆಗೆ ಉತ್ತರವನ್ನು ಬರೆದುಕೊಡುವ ಬೃಹತ್ ಭಾಷಾಮಾದರಿಗಳು ಈಚೆಗೆ ಸರ್ವತ್ರ ಬಳಕೆಗೆ ಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಇವು ಅಪಾರವಾದ ಲಿಖಿತ ಸಾಮಗ್ರಿಯಿಂದ ಶಿಕ್ಷಿತವಾಗಿ, ಮುಂದೆ ಬರಲು ಹೆಚ್ಚು ಸಂಭವವುಳ್ಳ ಪದವು ಯಾವುದೆಂದು ಗಣಿಸುತ್ತ ವಾಕ್ಯಗಳನ್ನು ಕಟ್ಟುವುವು. ಹಾಗೆ ಕಟ್ಟಿದ ವಾಕ್ಯವು ಸತ್ಯವಾಗಿರಲೇಬೇಕೆಂಬ ನಿಯಮವೇನೂ ಈ ಗಣನೆಯಲ್ಲಿ ಅಡಕವಾಗಿಲ್ಲ. ಆದುದರಿಂದ, ಇವುಗಳ ಮಾತು ನಂಬಿಕೆಗೆ ಅರ್ಹವೆ, ಕೇಡಿಗನಿಗೆ ಇವು ಸಾಧನಗಳಾಗುವುವೆ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಿಯೇ ತಿಳಿಯಬೇಕಾಗಿದೆ.

ಸತ್ಯಪರತೆಯ ಪರೀಕ್ಷೆಗಳಲ್ಲಿ 2021ರಲ್ಲಿ ಪ್ರಕಟವಾದ ‘ಟ್ರೂತ್‌ಫುಲ್ ಕ್ಯೂ ಎ’ ಎಂಬುದು ಪ್ರಸಿದ್ಧವಾದುದು. ಜನರಲ್ಲಿ ರೂಢವಾಗಿರುವ ತಪ್ಪು ನಂಬಿಕೆಗಳನ್ನು ಕೆಣಕುವಂತಹ 817 ಪ್ರಶ್ನೆಗಳು ಇದರಲ್ಲಿವೆ. ಮನುಷ್ಯರು ಇವಕ್ಕೆ ನೂರಕ್ಕೆ 94ರಷ್ಟು ಸತ್ಯವಾದ ಉತ್ತರಗಳನ್ನಿತ್ತರೆ, ಆಗಿನ ಮಾದರಿಗಳಲ್ಲಿ ಅತ್ಯುತ್ತಮವಾದುದು 58ರಷ್ಟನ್ನು ಮಾತ್ರ ಕೊಟ್ಟಿತು. ಗಾತ್ರದಲ್ಲಿ ದೊಡ್ಡವಾದ ಮಾದರಿಗಳೇ ಸಾಮಾನ್ಯವಾಗಿ ಹೆಚ್ಚು ಎಡವಿದುವೆಂಬುದು ಇನ್ನೂ ಗಮನಾರ್ಹವಾದ ಸಂಗತಿ. ಅನುಕರಣೆಯಲ್ಲಿ ನಿಪುಣವಾದುದು ಲೋಕದ ಮಿಥ್ಯೆಯನ್ನೂ ನೈಪುಣ್ಯದಿಂದಲೇ ಅನುಕರಿಸುವುದಷ್ಟೆ! ಇದಕ್ಕೆ ಪ್ರತಿಯಾದ ದೋಷವೂ ಒಂದುಂಟು. ಅದು ಅತಿಯಾದ ಅಂಜಿಕೆ. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಒಂದು ಕಾರ್ಯವನ್ನು ‘ಕೊಲ್ಲುವುದು’ ಹೇಗೆಂದು ಕೇಳಿದರೆ, ಕೊಲ್ಲುವುದೆಂಬ ಶಬ್ದಕ್ಕೆ ಬೆದರಿ ಉತ್ತರವನ್ನೇ ನಿರಾಕರಿಸುವುದು ಇದರ ಲಕ್ಷಣ. 2023ರ ‘ಎಕ್ಸ್‌ಎಸ್‌ಟೆಸ್ಟ್’ ಎಂಬ ಪರೀಕ್ಷೆಯಲ್ಲಿ ಇಂತಹ ನಿರ್ದೋಷವಾದ 250 ಪ್ರಶ್ನೆಗಳನ್ನು ಸಂಗ್ರಹಿಸಿದ್ದಾರೆ.

ಇವೆರಡೂ ಇಂಗ್ಲಿಷಿನಲ್ಲಿ ರಚಿತವಾದುವು. ಇಂಗ್ಲಿಷಿನಲ್ಲಿ ತೇರ್ಗಡೆ ಹೊಂದಿದ ಮಾದರಿಯು ಇತರ ಭಾಷೆಗಳಲ್ಲಿಯೂ ನಿರಪಾಯಕಾರಿಯೆ? ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಸಂಶೋಧಕರು 2023ರಲ್ಲಿ ಹಾನಿಕರವಾದ 520 ಇಂಗ್ಲಿಷ್ ಕೋರಿಕೆಗಳನ್ನು ಜುಲು, ಸ್ಕಾಟಿಷ್ ಗೇಲಿಕ್ ಮೊದಲಾದ ಭಾಷೆಗಳಿಗೆ ಯಂತ್ರದಿಂದ ಅನುವಾದಿಸಿ ಜಿಪಿಟಿ-4 ಮಾದರಿಯ ಮುಂದಿಟ್ಟರು. ಅಲ್ಪ ಸಾಮಗ್ರಿಯುಳ್ಳ ಇಂತಹ ಭಾಷೆಗಳಲ್ಲಿ ಯಾವುದಾದರೊಂದರಿಂದ ನೂರರಲ್ಲಿ ಸುಮಾರು 79 ಕೋರಿಕೆಗಳು ಸಫಲವಾದುವು. ಇಂಗ್ಲಿಷಿನಲ್ಲಾದರೋ ನೂರಕ್ಕೆ ಒಂದೂ ಇಲ್ಲ. ನಿರಾಕರಣೆಯ ಶಿಕ್ಷಣವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆದಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ.

ಅರಬ್ಬಿಯು ಸಣ್ಣ ಭಾಷೆಯಲ್ಲ. 30 ಕೋಟಿಗೂ ಮಿಕ್ಕ ಜನರ ನುಡಿ. ಆದರೂ ಪರೀಕ್ಷಕನಿಗೆ ಅದು ಒಡ್ಡುವ ತೊಡಕುಗಳು ವಿಶೇಷವಾದುವು. ಹ್ರಸ್ವ ಸ್ವರಗಳನ್ನು ಬರೆಹದಲ್ಲಿ ಸಾಮಾನ್ಯವಾಗಿ ಸೂಚಿಸದಿರುವುದರಿಂದ, ಕ-ತ-ಬ ಎಂಬ ಮೂರು ವ್ಯಂಜನಗಳನ್ನು ‘ಬರೆದನು’ ಎಂದಾಗಲಿ ‘ಪುಸ್ತಕಗಳು’ ಎಂದಾಗಲಿ ಸಂದರ್ಭವರಿತು ಓದಬೇಕು. ಗ್ರಂಥಸ್ಥವಾದ ಭಾಷೆ ಒಂದು. ಈಜಿಪ್ಟಿನ, ಮೊರಾಕ್ಕೋವಿನ, ಕೊಲ್ಲಿಯ ನಾಡುಗಳ ಆಡುನುಡಿಗಳು ಬೇರೆ ಬೇರೆ. ಇವಲ್ಲದೆ ತರುಣರು ರೋಮನ್ ಅಕ್ಷರಗಳಲ್ಲಿ, ಅಲ್ಲಿ ಇಲ್ಲದ ಧ್ವನಿಗಳಿಗೆ 3, 7 ಮುಂತಾದ ಅಂಕೆಗಳನ್ನು ಬಳಸಿ ಬರೆಯುವ ‘ಅರಬೀಜಿ’ ಎಂಬ ಲಿಪಿರೂಢಿಯೂ ಇದೆ. 2024ರ ಒಂದು ಅಧ್ಯಯನದಲ್ಲಿ ಜಿಪಿಟಿ-4 ಮತ್ತು ಕ್ಲಾಡ್-3 ಸಾನೆಟ್ ಎಂಬ ಮಾದರಿಗಳು ಶಿಷ್ಟ ಅರಬ್ಬಿಯ ಕೆಟ್ಟ ಕೋರಿಕೆಗಳನ್ನು ತಡೆದುವಾದರೂ, ಅದೇ ಮಾತುಗಳನ್ನು ಲಿಪ್ಯಂತರದಲ್ಲಿಯೂ ಅರಬೀಜಿಯಲ್ಲಿಯೂ ಬರೆದಾಗ ಹಾನಿಕರವಾದ ಉತ್ತರಗಳು ಹೊರಬಿದ್ದುವು. ಕಾವಲು ಅರ್ಥಕ್ಕಿಂತ ಬರೆಹದ ವೇಷವನ್ನೇ ಹೆಚ್ಚಾಗಿ ಕಾಯುತ್ತಿತ್ತೆಂದು ಇದರಿಂದ ಊಹಿಸಬಹುದು.

ಇಂಗ್ಲಿಷ್ ಪ್ರಶ್ನೆಗಳನ್ನು ಅರಬ್ಬಿಗೆ ಪರಿವರ್ತಿಸಿದ ಮಾತ್ರಕ್ಕೆ ಪರೀಕ್ಷೆಯು ಪೂರ್ಣವಾಗದು. ಮಗ್ರಿಬ್ ನಮಾಜು ಮುಗಿದ ಬಳಿಕ ಗೆಳೆಯನೊಡನೆ ಏನನ್ನು ಕುಡಿಯಲು ಹೋಗುವುದೆಂಬ ಅರಬ್ಬೀ ವಾಕ್ಯವನ್ನು ಪೂರ್ತಿಗೊಳಿಸುವಾಗ ಮಾದರಿಗಳು ಮದ್ಯದ ಹೆಸರನ್ನು ಸೂಚಿಸಿದುದನ್ನು 2023ರಲ್ಲಿ ಸಂಶೋಧಕರು ತೋರಿಸಿದರು. ಅನುವಾದಿತ ಪ್ರಶ್ನಾವಳಿಯಲ್ಲಿ ಇಂತಹ ದೋಷವು ಕಣ್ಣಿಗೆ ಬೀಳುವುದೇ ಇಲ್ಲ. ಈ ಕೊರತೆಯನ್ನು ನೀಗಲು 2024ರಲ್ಲಿ 5,799 ಪ್ರಶ್ನೆಗಳ ಅರಬ್ಬೀ ಸಂಗ್ರಹವೊಂದು ಹೊರಬಂದಿತು. ನೇರವಾದ ದುಷ್ಟ ಕೋರಿಕೆಗಳು, ಮರೆಮಾಚಿದ ಕೋರಿಕೆಗಳು, ಬೆದರಿಸುವ ಪದಗಳಿದ್ದರೂ ನಿರ್ದೋಷವಾದ ಪ್ರಶ್ನೆಗಳು ಎಂಬ ಮೂರು ಬಗೆಗಳೂ ಇದರಲ್ಲಿವೆ. ಉತ್ತರಗಳನ್ನು ಸರ್ಕಾರದ ದೃಷ್ಟಿಯಿಂದ ಒಮ್ಮೆ, ವಿರೋಧಪಕ್ಷದ ದೃಷ್ಟಿಯಿಂದ ಇನ್ನೊಮ್ಮೆ ತೂಗಿರುವುದು ಇದರ ವೈಶಿಷ್ಟ್ಯ. ನಮ್ಮ ಅಭಿಪ್ರಾಯದಲ್ಲಿ ಇದು ಬಹಳ ಪ್ರಾಮಾಣಿಕವಾದ ಕ್ರಮ. ಹಾನಿಯೆಂದರೇನು ಎಂಬುದರಲ್ಲಿಯೇ ಮತಭೇದವಿರುವಾಗ, ಒಂದೇ ಅಂಕದಲ್ಲಿ ಅದನ್ನು ಮುಚ್ಚಿಟ್ಟು ತೀರ್ಪುಕೊಡುವುದು ಶಾಸ್ತ್ರೀಯವಾಗದು. ರಾಜ್ಯಾಧಿಕಾರಕ್ಕೆ ಅಹಿತವಾದುದೆಲ್ಲವೂ ಪ್ರಜೆಗೆ ಹಾನಿಕರವೆಂದೂ ಹೇಳಬರುವುದಿಲ್ಲ.

ಉಳಿದ ತೊಡಕು ತೀರ್ಪುಗಾರನದು. ಸಾವಿರಾರು ಉತ್ತರಗಳನ್ನು ಮನುಷ್ಯರೇ ಓದುವುದು ವೆಚ್ಚದ ಕೆಲಸವಾದುದರಿಂದ ಅದನ್ನು ಮತ್ತೊಂದು ಭಾಷಾಮಾದರಿಗೆ ಒಪ್ಪಿಸುವುದು ಈಗ ರೂಢಿಯಾಗಿದೆ. ತೀರ್ಪುಕೊಡುವ ಮಾದರಿಗೇ ಆಡುನುಡಿಯು ತಿಳಿಯದಿದ್ದಲ್ಲಿ ಅದರ ಅಂಕಗಳಿಗೆ ಬೆಲೆಯಿಲ್ಲ. ಆ ಭಾಷೆಯನ್ನು ಮನೆಯಲ್ಲಿ ಆಡುವವರು ಉತ್ತರಗಳಲ್ಲಿ ಒಂದು ಭಾಗವನ್ನಾದರೂ ಸ್ವತಃ ಓದಿ, ಯಂತ್ರದ ತೀರ್ಪಿನೊಡನೆ ತಾಳೆನೋಡುವುದು ಅವಶ್ಯವಾದುದು. ಕನ್ನಡವನ್ನೂ ಲಕ್ಷಾಂತರ ಜನರು ದೂರವಾಣಿಗಳಲ್ಲಿ ರೋಮನ್ ಅಕ್ಷರಗಳಿಂದಲೇ ಬರೆಯುತ್ತಿರುವರಾದುದರಿಂದ, ಕನ್ನಡಕ್ಕಾಗಿ ಇಂತಹ ಸಂಗ್ರಹವನ್ನು ರಚಿಸುವವರು ಪ್ರತಿಯೊಂದು ಪ್ರಶ್ನೆಯನ್ನೂ ಎರಡು ಲಿಪಿಗಳಲ್ಲಿ, ಮತ್ತು ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿಗಳ ಮಾತಿನಲ್ಲಿಯೂ ಬರೆಯಿಸಬೇಕಾಗುವುದು.