ಬಸ್ಸಿನ ಹೊರಮೈ ಬಿಚ್ಚುವ ವಿದ್ಯೆ

ಬೆಂಗಳೂರಿನಿಂದ ಮೂಡಣಕ್ಕೆ ಹೊರಟ ಹೆದ್ದಾರಿಯು ಕೋಲಾರವನ್ನೂ ಮುಳಬಾಗಿಲನ್ನೂ ಹಾದು ಆಂಧ್ರದ ಗಡಿಯನ್ನು ಮುಟ್ಟುತ್ತದೆ. ಈ ದಾರಿಯಲ್ಲಿಯೂ, ಮಾಲೂರು ಶ್ರೀನಿವಾಸಪುರಗಳಿಗೆ ಸಾಗುವ ರಸ್ತೆಗಳಲ್ಲಿಯೂ ಓಡುವ ಬಸ್ಸುಗಳನ್ನು ಕಂಡಾಗ, ಎಂಜಿನ್ನಿನ ಬಲವನ್ನೋ ಚಾಲಕನ ಚಾತುರ್ಯವನ್ನೋ ಹೊಗಳುವವರುಂಟಲ್ಲದೆ, ಹೊರಮೈಯ ತಗಡನ್ನು ಬಿಚ್ಚಿ ಮರಳಿ ಕೂರಿಸುವ ಟಿಂಕರನನ್ನು ನೆನೆಯುವವರು ವಿರಳ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ಮೊದಲ್ಗೊಂಡು, 1961ರ ಆಗಸ್ಟ್ 1ರಂದು ನಿಗಮದ ರೂಪವನ್ನು ತಾಳಿದ ಸರ್ಕಾರಿ ಸಾರಿಗೆ ಸಂಸ್ಥೆಯ ಡಿಪೋಗಳು ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಈ ನಾಲ್ಕು ಊರುಗಳಲ್ಲಿಯೂ ಇವೆ. ಸಣ್ಣಪುಟ್ಟ ದುರಸ್ತಿ ಡಿಪೋದಲ್ಲಿಯೇ ಮುಗಿಯುತ್ತದೆ. ಹಳೆಯ ಬಸ್ಸಿನ ಮೈಯನ್ನು ಆಮೂಲಾಗ್ರವಾಗಿ ನವೀಕರಿಸುವ ಕಾರ್ಯ ಬೆಂಗಳೂರು, ಹಾಸನಗಳ ದೊಡ್ಡ ಕಾರ್ಯಾಗಾರಗಳಿಗೆ ಸೇರಿದುದು. ಖಾಸಗಿ ಬಸ್ಸುಗಳಿಗಾದರೋ ಊರಿನ ಟಿಂಕರಿಂಗ್ ಷೆಡ್ಡುಗಳೇ ಆಶ್ರಯ.

ಬಸ್ಸಿನ ಮೈಯೆಂದರೆ ಚಾಸಿಸ್ಸಿನ ಮೇಲೆ ಉಕ್ಕಿನ ಚೌಕಕೊಳವೆಗಳಿಂದ ಬೆಸುಗೆ ಹಾಕಿ ಕಟ್ಟಿದ ಹಂದರ, ಅದರ ಮೇಲೆ ರಿವೆಟ್ಟುಗಳಿಂದ ಬಂಧಿಸಿದ ತೆಳುವಾದ ಅಲ್ಯೂಮಿನಿಯಂ ಶೀಟು, ಶೀಟಿನ ಸಂದುಗಳನ್ನು ಮರೆಮಾಡುವ ಬೀಡಿಂಗ್ ಪಟ್ಟಿ. ಮಾಲೂರಿನ ಹೆಂಚಿನ ಮಾಡಿನಲ್ಲಿರುವಂತೆ ಇಲ್ಲಿಯೂ ಮೇಲಣ ಹಾಳೆಯು ಕೆಳಗಣದರ ಅಂಚನ್ನು ಹೊದ್ದಿರುವುದು, ಮಳೆಯ ನೀರು ಒಳನುಗ್ಗದೆ ಇಳಿದುಹೋಗಲೆಂದು. ಆದುದರಿಂದ ಬಿಚ್ಚುವಾಗ ಮೇಲಿನಿಂದ ಕೆಳಕ್ಕೂ, ಕೂರಿಸುವಾಗ ಕೆಳಗಿನಿಂದ ಮೇಲಕ್ಕೂ ಸಾಗತಕ್ಕುದೆಂಬುದು ಈ ಕಸುಬಿನ ಪ್ರಥಮ ಸೂತ್ರ.

ಮೊದಲು ಬ್ಯಾಟರಿಯ ಸಂಪರ್ಕವನ್ನು ಕಳಚಿ, ದೀಪ ಕನ್ನಡಿಗಳನ್ನೂ ಕಿಟಕಿಯ ರಬ್ಬರನ್ನೂ ಬೀಡಿಂಗನ್ನೂ ತೆಗೆದು, ಪ್ರತಿ ಹಾಳೆಯ ಮೇಲೂ ಸೀಮೆಸುಣ್ಣದಿಂದ ಅದರ ಸ್ಥಾನವನ್ನು ಗುರುತಿಸಿದ ತರುವಾಯವೇ ರಿವೆಟ್ಟಿನ ಸರದಿ. ಅವಸರದವನು ಅದರ ತಲೆಯನ್ನು ಉಳಿಯಿಂದ ಹಾರಿಸಿಬಿಡುವನು. ಆಗ ತೂತು ಹಿಗ್ಗಿ, ಮುಂದೆ ದಪ್ಪ ರಿವೆಟ್ಟೇ ಬೇಕಾಗಿ, ಎರಡು ಮೂರು ಬಾರಿ ಹೀಗಾದರೆ ಅಂಚಿನಲ್ಲಿ ಹಿಡಿದುಕೊಳ್ಳಲು ಲೋಹವೇ ಉಳಿಯದು. ಬಲ್ಲವನು ರಿವೆಟ್ಟಿನ ಕಾಂಡದಷ್ಟೇ ದಪ್ಪದ ಡ್ರಿಲ್ ಬಿಟ್ಟಿನಿಂದ ತಲೆಯನ್ನು ಮಾತ್ರ ಕೊರೆದು, ಉಳಿದುದನ್ನು ಪಂಚಿನಿಂದ ಮೆಲ್ಲನೆ ಒಳಕ್ಕೆ ತಳ್ಳುತ್ತಾನೆ. ಮೇಲಿನ ಎರಡು ಮೂಲೆಗಳ ರಿವೆಟ್ಟನ್ನು ಕಡೆಯವರೆಗೂ ಉಳಿಸಿಕೊಳ್ಳುವುದು, ಉದ್ದನೆಯ ಹಾಳೆಯು ತನ್ನ ಭಾರದಿಂದಲೇ ಜೋತು ಮಡಿಚಿಕೊಳ್ಳಬಾರದೆಂಬ ಎಚ್ಚರಿಕೆಯಿಂದ.

ಹಾಳೆ ಸರಿದಾಗಲೇ ನಿಜವಾದ ರೋಗನಿದಾನ. ಚಕ್ರವು ಎರಚಿದ ಕೆಸರು ತಂಗುವ ಮಡ್‌ಗಾರ್ಡಿನ ಮೇಲ್ಗಡೆ, ಮೆಟ್ಟಿಲಿನ ಅಡಿ, ಕಿಟಕಿಯ ಕೆಳಸಂದು, ಇವುಗಳೆಡೆಯಲ್ಲಿ ಕೊಳವೆಗಳು ತುಕ್ಕು ತಿಂದು ಟೊಳ್ಳಾಗಿರುವುದನ್ನು ಹೊರಗಿನ ಹೊಳೆಯುವ ಬಣ್ಣವು ಎಂದೂ ಸೂಚಿಸಿರುವುದಿಲ್ಲ. ಉಕ್ಕೂ ಅಲ್ಯೂಮಿನಿಯಮ್ಮೂ ತೇವದ ನಡುವೆ ಒಂದಕ್ಕೊಂದು ತಾಗಿದಲ್ಲಿ ವಿದ್ಯುದ್ರಾಸಾಯನಿಕ ಕ್ರಿಯೆಯುಂಟಾಗಿ, ಅಲ್ಯೂಮಿನಿಯಮ್ಮೇ ಮೊದಲು ಬಿಳಿಯ ಪುಡಿಯಾಗಿ ಸವೆಯುವುದೂ ಇಲ್ಲಿಯೇ ಗೋಚರಿಸುತ್ತದೆ. ಆದಕಾರಣ ಕೆಟ್ಟ ಕೊಳವೆಯನ್ನು ಕತ್ತರಿಸಿ ಹೊಸದನ್ನು ಬೆಸೆದ ಮೇಲೆ ಪ್ರೈಮರನ್ನು ಬಳಿದು, ಎರಡು ಲೋಹಗಳ ನಡುವೆ ತೇವ ನಿಲ್ಲದಂತೆ ಸೀಲೆಂಟನ್ನು ಹಚ್ಚಿ, ಅನಂತರವೇ ಹಾಳೆಯನ್ನು ಯಥಾಸ್ಥಾನದಲ್ಲಿ ಕೂರಿಸುವರು.

ಬಿಚ್ಚುವುದೆಂದರೆ ಕೆಡಹುವುದಲ್ಲವೆಂಬ ತತ್ತ್ವವನ್ನು ಈ ಕಸುಬಿಗಿಂತ ಸ್ಪಷ್ಟವಾಗಿ ಬೋಧಿಸುವ ಇನ್ನೊಂದು ವಿದ್ಯೆಯಿರಲಾರದು. ಕಟ್ಟುವವನ ಮುಂದೆ ನಕ್ಷೆಯಿರುತ್ತದೆ; ಬಿಚ್ಚುವವನಾದರೋ, ಹಿಂದೆ ಯಾರು ಯಾರೋ ಮಾಡಿದ ತೇಪೆಗಳನ್ನೂ ಮುಚ್ಚಿಟ್ಟ ತಪ್ಪುಗಳನ್ನೂ ತಾನೇ ಓದಿಕೊಂಡು ಮುಂದರಿಯಬೇಕು. ತಗಡನ್ನು ಬಡಿದು ಸಮಗೊಳಿಸುವುದನ್ನು ಐಟಿಐಯಲ್ಲಿ ಕಲಿಯಬಹುದು. ಯಾವ ರಿವೆಟ್ಟನ್ನು ಮೊದಲು ತೆಗೆಯಬೇಕು, ಯಾವುದನ್ನು ಮುಟ್ಟದೆಯೇ ಬಿಡಬೇಕು ಎಂಬ ವಿವೇಕ ಮಾತ್ರ ಹಿರಿಯ ಮೇಸ್ತ್ರಿಯ ಕೈಕೆಳಗೆ ಪಳಗಿದವನಿಗೇ ದಕ್ಕುವುದು. ಆ ಪರಂಪರೆ ಕಡಿದರೆ ಬಸ್ಸುಗಳನ್ನು ದುರಸ್ತಿ ಮಾಡುವವರಿರುವುದಿಲ್ಲ, ಗುಜರಿಗೆ ಹಾಕುವವರಷ್ಟೇ ಇರುತ್ತಾರೆ.