ಜಾಲಪುಟದ ಲಘುಸೂತ್ರಗಳೂ ಕನ್ನಡ ಲಿಪಿಯೂ

ಗ್ರಂಥದ ಪಾಠವು ಬೇರೆ, ಪುಟದ ಮೇಲೆ ಅದನ್ನು ತೋರಿಸುವ ವಿನ್ಯಾಸವು ಬೇರೆ. ಜಾಲಪುಟಗಳಲ್ಲಿ 'ಇದು ಶೀರ್ಷಿಕೆ, ಇದು ಪರಿಚ್ಛೇದ' ಎಂದು ಪಾಠದ ಅಂಗಗಳನ್ನು ಗುರುತಿಸುವುದು ಎಚ್.ಟಿ.ಎಂ.ಎಲ್.; ಆ ಅಂಗಗಳಿಗೆ ಗಾತ್ರ, ವರ್ಣ, ಅಂತರಗಳನ್ನು ವಿಧಿಸುವುದು ಸಿ.ಎಸ್.ಎಸ್. ಇದನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಎಂಬವರು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಇದರ ಪ್ರಥಮ ರೂಪವು ಪ್ರಮಾಣವಾಗಿ ಅಂಗೀಕೃತವಾಯಿತು.

ಸಿ.ಎಸ್.ಎಸ್. ವಿಧಿಗಳ ಬಲಾಬಲವನ್ನು ನಿರ್ಣಯಿಸುವ ಕ್ರಮವು ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಅಪರಿಚಿತವೆನಿಸದು. ಸಾಮಾನ್ಯವಿಧಿಯನ್ನು ವಿಶೇಷವಿಧಿಯು ಬಾಧಿಸುವುದು, ಇದು ಉತ್ಸರ್ಗಾಪವಾದನ್ಯಾಯ. ಎರಡು ವಿಧಿಗಳು ಸಮಬಲವಾದಲ್ಲಿ ಪರದಲ್ಲಿರುವುದೇ ನಿಲ್ಲುವುದು. ಪಾಣಿನೀಯರಲ್ಲಿಯೂ ಪರವಿಧಿಗೆ ಪ್ರಾಬಲ್ಯವುಂಟು. ಆದರೆ ಅಪವಾದವು ಅದಕ್ಕಿಂತಲೂ ಬಲವತ್ತರವಾದುದು. ಮೂರನೆಯದಾಗಿ, ಪುಟದ ಮೂಲಾಂಗಕ್ಕೆ ಹೇಳಿದ ಕೆಲವು ಗುಣಗಳು ಅದರೊಳಗಿನ ಅಂಗಗಳಿಗೂ ಇಳಿದುಬರುವುವು. ಇದನ್ನು ಅನುವೃತ್ತಿಯೆನ್ನಬಹುದು. ಆದರೆ ವ್ಯಾಕರಣದಲ್ಲಿ ಪದವು ಸೂತ್ರದಿಂದ ಸೂತ್ರಕ್ಕೆ ಅನುವರ್ತಿಸಿದರೆ, ಇಲ್ಲಿ ಗುಣವು ಅಂಗಿಯಿಂದ ಅಂಗಕ್ಕೆ ಇಳಿಯುವುದೆಂಬ ಭೇದವನ್ನು ಮರೆಯಲಾಗದು. ಅನುವೃತ್ತವಾದ ಗುಣಕ್ಕಿಂತ ಅಂಗಕ್ಕೆ ಸಾಕ್ಷಾತ್ತಾಗಿ ವಿಹಿತವಾದುದೇ ಪ್ರಬಲ.

ಎಲ್ಲ ವಿಧಿಗಳನ್ನೂ ಪ್ರತಿಯೊಬ್ಬನೂ ಮೊದಲಿನಿಂದ ಬರೆಯುವುದು ಪ್ರಯಾಸಕರ. ಆದುದರಿಂದ ಸಿದ್ಧಸೂತ್ರಗಳ ಸಂಗ್ರಹಗಳು ಹುಟ್ಟಿದುವು. ಇವಕ್ಕೆ ಫ್ರೇಮ್‌ವರ್ಕ್ ಎಂದು ಹೆಸರು. ಇವುಗಳಲ್ಲಿ ಕೆಲವು ಅತಿ ವಿಸ್ತೃತವಾದುವು, ಕೆಲವು ಲಘುವಾದುವು. ಡೇವ್ ಗಮಾಶ್ ಎಂಬವರು ರಚಿಸಿದ, 2014ರಲ್ಲಿ ಎರಡನೆಯ ಆವೃತ್ತಿಯನ್ನು ಕಂಡ 'ಸ್ಕೆಲಿಟನ್' ಎಂಬುದು ಲಘುವರ್ಗಕ್ಕೆ ಸೇರಿದುದು. ಇದು ಸುಮಾರು 400 ಸಾಲುಗಳ ಒಂದೇ ಕಡತ. ಗರಿಷ್ಠ 960 ಪಿಕ್ಸೆಲ್ ಅಗಲದ ಪುಟವನ್ನು 12 ಅಂಕಣಗಳಾಗಿ ವಿಭಾಗಿಸುವುದು. ಪರದೆಯು ಕಿರಿದಾದಲ್ಲಿ ಅಂಕಣಗಳು ಒಂದರ ಕೆಳಗೊಂದಾಗಿ ನಿಲ್ಲುವುವು. ಇದರ ಲಾಘವದಿಂದಾಗುವ ಪ್ರಧಾನಪ್ರಯೋಜನವು ಪುಟವು ಬೇಗನೆ ತೆರೆಯುವುದಷ್ಟೇ ಅಲ್ಲ. ಬಳಸುವವನು ಸೂತ್ರಪಾಠವನ್ನು ಒಂದೇ ಕುಳಿತದಲ್ಲಿ ಆದ್ಯಂತವಾಗಿ ಓದಿ ತಿಳಿಯಬಹುದೆಂಬುದು.

ಕನ್ನಡ ಪಾಠವನ್ನು ಪ್ರಕಟಿಸುವವರಿಗೆ ಈ ಓದು ಅನಿವಾರ್ಯ. ಏಕೆಂದರೆ ಸ್ಕೆಲಿಟನ್ನಿನ ವಿಧಿಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರಚಿತವಾದುವು. ಅದು ಮೊದಲು ಹೆಸರಿಸುವ 'ರೇಲ್ವೇ' ಎಂಬ ಅಕ್ಷರಶೈಲಿಯಲ್ಲಿ ಕನ್ನಡಾಕ್ಷರಗಳಿಲ್ಲ. ಪುಟದ ಸಾಮಾನ್ಯ ಸಾಲಿಗೆ ಅಕ್ಷರಗಾತ್ರದ 1.6ರಷ್ಟು ಎತ್ತರವನ್ನು ವಿಧಿಸಿ, ಪ್ರಥಮಶ್ರೇಣಿಯ ಶೀರ್ಷಿಕೆಗೆ ಮಾತ್ರ 1.2 ಎಂದು ಹೇಳಿದೆ. ಅಲ್ಲದೆ ಅದರ ಅಕ್ಷರಗಳ ನಡುವಣ ಅಂತರವನ್ನೂ ಕುಗ್ಗಿಸಿದೆ. ರೋಮನ್ ಲಿಪಿಗೆ ಇದು ಶೋಭೆ. ಕನ್ನಡದಲ್ಲಾದರೋ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುವು, ಗುಡಿಸು ಮೇಲೇರುವುದು. 'ರಾಷ್ಟ್ರ', 'ಸಂಸ್ಕೃತಿ' ಮೊದಲಾದ ಪದಗಳುಳ್ಳ ಶೀರ್ಷಿಕೆಯು ಎರಡು ಸಾಲಾದಲ್ಲಿ ಮೇಲಿನ ಒತ್ತು ಕೆಳಗಿನ ಗುಡಿಸನ್ನು ತಾಗುವ ಸಂಭವವುಂಟು. ಒತ್ತು ಮಸುಕಾದರೆ ಪದವೇ ಬೇರೆಯಾಗಿ ಓದಿಕೊಳ್ಳುವುದು. ಆಗ ವಿನ್ಯಾಸದ ದೋಷವು ಪಾಠದ ದೋಷವಾಗುವುದು.

ಇದನ್ನು ಕಂಡವರು ಪುಟದ ಮೂಲಾಂಗಕ್ಕೆ ಸಾಲಿನ ಎತ್ತರವನ್ನು ಹೆಚ್ಚಿಸಿ ಸುಮ್ಮನಾಗುವುದುಂಟು. ಅದರಿಂದ ಪರಿಚ್ಛೇದಗಳು ಸರಿಹೋದರೂ ಶೀರ್ಷಿಕೆಗಳು ಹಾಗೆಯೇ ಉಳಿಯುವುವು. ಶೀರ್ಷಿಕೆಗೆ ಸಾಕ್ಷಾದ್ವಿಧಿಯಿರುವಾಗ ಅನುವೃತ್ತಿಗೆ ಅಲ್ಲಿ ಅವಕಾಶವಿಲ್ಲವಷ್ಟೆ.

ಪರಿಹಾರವು ಸುಲಭ. ಮೂಲ ಕಡತವನ್ನು ತಿದ್ದದೆ, ಅದರ ಪರದಲ್ಲಿ ಮತ್ತೊಂದು ಚಿಕ್ಕ ಕಡತವನ್ನಿಟ್ಟು, ಶೀರ್ಷಿಕೆಗಳನ್ನು ಅವುಗಳ ಹೆಸರಿನಿಂದಲೇ ನಿರ್ದೇಶಿಸಿ, ಎತ್ತರವನ್ನು 1.6 ಅಥವಾ ಅದಕ್ಕಿಂತ ಹೆಚ್ಚಾಗಿಯೂ ಅಕ್ಷರಾಂತರವನ್ನು ಸೊನ್ನೆಯಾಗಿಯೂ ವಿಧಿಸಬೇಕು. 'ನೋಟೊ ಸೆರಿಫ್ ಕನ್ನಡ'ದಂತಹ ಅಕ್ಷರಶೈಲಿಯನ್ನು ಮೊದಲಿಗೆ ಹೆಸರಿಸಬೇಕು. ಎರಡು ವಿಧಿಗಳೂ ಸಮಬಲವಾದುದರಿಂದ ಪರದಲ್ಲಿರುವುದೇ ಗೆಲ್ಲುವುದು. ಮೂಲವು ಅಕ್ಷತವಾಗಿ ಉಳಿಯುವುದರಿಂದ ಎಲ್ಲಿ, ಏತಕ್ಕೆ ಬದಲಾಯಿಸಿತೆಂಬುದು ಮುಂದಿನವರಿಗೂ ಸ್ಪಷ್ಟವಾಗಿರುವುದು. ವಾರ್ತಿಕಕಾರನು ಸೂತ್ರವನ್ನು ಅಳಿಸದೆ ಉಕ್ತಾನುಕ್ತಗಳನ್ನು ವಿಚಾರಿಸುವ ಮಾರ್ಗವೇ ಇದು.

ಆದುದರಿಂದ ಲಘುಸಂಗ್ರಹವನ್ನು ಆರಿಸುವುದು ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಲ್ಲ, ಓದಿ ತಿಳಿಯಬಲ್ಲಷ್ಟನ್ನು ಮಾತ್ರ ಸ್ವೀಕರಿಸುವುದಕ್ಕೆ. ಓದದೆ ಸ್ವೀಕರಿಸಿದ ಸೂತ್ರವು ಎಷ್ಟು ಲಘುವಾದರೂ ಕನ್ನಡ ಪಾಠಕ್ಕೆ ಭಾರವಾಗಿಯೇ ಪರಿಣಮಿಸುವುದು.