ಸಗಟು ವ್ಯಾಪಾರದ ಮೊಬೈಲ್ ಮಾರುಕಟ್ಟೆಯ ರಚನೆ: ತುಮಕೂರು ಸೀಮೆಯ ಕೊಬ್ಬರಿಯ ನಿದರ್ಶನ

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನೂ, ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನೂ ಸೇರುತ್ತವೆ. ಈ ಬೆಟ್ಟದ ಆಸುಪಾಸಿನ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳ ತೆಂಗು, ಅಡಕೆ, ರಾಗಿಗಳೂ ಹೀಗೆಯೇ ಬೇರೆಬೇರೆ ದಿಕ್ಕುಗಳ ಪೇಟೆಗಳಿಗೆ ಸಾಗುತ್ತವೆ. ಇದೇ ಜಿಲ್ಲೆಯ ತಿಪಟೂರು ಉಂಡೆಕೊಬ್ಬರಿಗೆ ಹೆಸರಾದ ಪೇಟೆ. ಅಲ್ಲಿನ ಸರಕು ಮುಖ್ಯವಾಗಿ ಉತ್ತರ ಭಾರತಕ್ಕೆ ಹೋಗುತ್ತದೆ. ಇಂತಹ ಸಗಟು ವ್ಯಾಪಾರವನ್ನು ಮೊಬೈಲಿನ ಆ್ಯಪ್‌ನಲ್ಲಿ ನಡೆಸಬೇಕಾದರೆ ಅದನ್ನು ಹೇಗೆ ರಚಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಆ್ಯಪ್ ಎಂದೊಡನೆ ಪರದೆಯ ಬಣ್ಣ, ಗುಂಡಿಗಳ ಜೋಡಣೆ ಮೊದಲಾದುವು ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಸಹಜ. ಚಿಲ್ಲರೆ ವ್ಯಾಪಾರದಲ್ಲಿ ಇದು ಬಹುಮಟ್ಟಿಗೆ ಸಾಕು; ಅಲ್ಲಿ ಮಾರುವವನು ಬೆಲೆಯನ್ನು ಮೊದಲೇ ನಿಗದಿಮಾಡಿರುತ್ತಾನೆ, ಕೊಳ್ಳುವವನು ಒಪ್ಪುತ್ತಾನೆ ಅಥವಾ ಬಿಡುತ್ತಾನೆ. ಸಗಟು ಪೇಟೆಯಲ್ಲಿ ಹಾಗಲ್ಲ. ಅಲ್ಲಿ ಧಾರಣೆಯು ವ್ಯವಹಾರದ ನಡುವೆಯೇ ಹುಟ್ಟುತ್ತದೆ. ಆದುದರಿಂದ ಯಾರಿಗೆ ಯಾವ ಸಂಗತಿಯು ಯಾವಾಗ ತಿಳಿಯಬೇಕೆಂಬ ನಿಯಮವೇ ಇಲ್ಲಿ ರಚನೆಯ ಮುಖ್ಯಾಂಶ. ಪರದೆಯು ಆ ನಿಯಮದ ಹೊರರೂಪ ಮಾತ್ರ.

ಹಳೆಯ ಪದ್ಧತಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಶಾಸನದ ವ್ಯಾಪ್ತಿಯಲ್ಲಿ ಬಂದ ಪ್ರಾಂಗಣಗಳಲ್ಲಿ ಚೀಟಿಯ ಟೆಂಡರು ರೂಢಿಯಲ್ಲಿತ್ತು. ವರ್ತಕನು ರಾಶಿಯಿಂದ ರಾಶಿಗೆ ನಡೆದು, ಸರಕನ್ನು ಕೈಯಲ್ಲಿ ಹಿಡಿದು ನೋಡಿ, ತನ್ನ ಧಾರಣೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದನು. ಒಂದು ಬೆಳಗಿನಲ್ಲಿ ಒಬ್ಬನು ನೋಡಬಲ್ಲ ರಾಶಿಗಳು ಕೆಲವೇ. ಪರಸ್ಥಳದ ವರ್ತಕನಿಗಂತೂ ಪ್ರವೇಶವೇ ದುರ್ಲಭ. ಕೊಳ್ಳುವವರು ಕಡಮೆಯಾದಷ್ಟೂ ರೈತನ ಪಾಲು ಕುಗ್ಗುವುದೆಂಬುದನ್ನು ಹೇಳಬೇಕಾಗಿಲ್ಲ.

2014ರಲ್ಲಿ ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಂಸ್ಥೆಯೂ ಸಮಪಾಲಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆಯು ಆರಂಭವಾಯಿತು. ಕೇಂದ್ರ ಸರ್ಕಾರದ ಇ-ನಾಮ್ ವೇದಿಕೆಯು 2016ರ ಏಪ್ರಿಲ್ 14ರಂದು ಬಂದಿತು. ಅದಕ್ಕೆ ಮೊಬೈಲ್ ಆ್ಯಪ್ ಕೂಡ ಉಂಟು. 2020ರ ಮೇ ತಿಂಗಳಲ್ಲಿ ಈ ಎರಡು ವೇದಿಕೆಗಳ ನಡುವೆ ಸಂಪರ್ಕ ಏರ್ಪಟ್ಟಿತು. ರಾಜ್ಯದ ವೇದಿಕೆಯ ಕ್ರಮ ಸ್ಥೂಲವಾಗಿ ಹೀಗಿದೆ: ಸರಕು ಪ್ರಾಂಗಣವನ್ನು ಸೇರಿದಾಗ ಪ್ರತಿಯೊಂದು ರಾಶಿಗೂ ಒಂದು ಲಾಟು ಸಂಖ್ಯೆ ಬೀಳುತ್ತದೆ, ಪರವಾನಗಿ ಪಡೆದ ವರ್ತಕರು ಗೊತ್ತಾದ ವೇಳೆಯೊಳಗೆ ಧಾರಣೆ ನಮೂದಿಸುತ್ತಾರೆ, ವೇಳೆ ಮುಗಿದ ಮೇಲೆ ಅತ್ಯಧಿಕ ಧಾರಣೆ ಪ್ರಕಟವಾಗುತ್ತದೆ, ರೈತನು ಒಪ್ಪಿದರೆ ತೂಕ, ಪಟ್ಟಿ, ಹಣಪಾವತಿಗಳು ನಡೆಯುತ್ತವೆ.

ಈಗ ರಚನೆಯ ಒಂದೊಂದು ಅಂಗವನ್ನು ಪರಿಶೀಲಿಸೋಣ. ಮೊದಲನೆಯದು ಗೋಪ್ಯತೆ. ವರ್ತಕರು ಪರಸ್ಪರರ ಧಾರಣೆಯನ್ನು ಕಾಣದಿದ್ದರೆ, ಒಳಗೊಳಗೆ ಮಾತಾಡಿಕೊಂಡು ಬೆಲೆ ಇಳಿಸುವವರ ಕೂಟ ಸಡಿಲಗೊಳ್ಳುತ್ತದೆ. ಮಾತು ತಪ್ಪಿ ಹೆಚ್ಚು ನಮೂದಿಸಿದವನನ್ನು ಉಳಿದವರು ಆ ಗಳಿಗೆಯಲ್ಲಿ ಕಂಡುಹಿಡಿಯಲಾರರು. ಆದರೆ ಇದಕ್ಕೆ ಪ್ರತಿಯಾಗಿ ಒಂದು ದೋಷವೂ ಇದೆ. ಕ್ವಿಂಟಲಿಗೆ 15,500 ರೂಪಾಯಿ ಕೊಡಬಲ್ಲ ವರ್ತಕನೊಬ್ಬನನ್ನು ಊಹಿಸೋಣ. ಉಳಿದವರು 15,000ದ ಆಚೆ ಹೋಗಲಾರರೆಂದು ತರ್ಕಿಸಿ ಅವನು 15,100 ಮಾತ್ರ ನಮೂದಿಸಿಯಾನು. ಉಳಿದ 400 ರೂಪಾಯಿ ರೈತನಿಗೆ ನಷ್ಟ. ಇದಕ್ಕೆ ಎರಡು ಹಂತದ ಹರಾಜು ಒಂದು ಪರಿಹಾರ: ಮೊದಲ ಹಂತದಲ್ಲಿ ಮುಂದಿದ್ದವರಿಗೆ ಎರಡನೆಯ ಹಂತದಲ್ಲಿ ಧಾರಣೆ ಏರಿಸಲು ಅವಕಾಶ ಕೊಡುವುದು. ಕರ್ನಾಟಕದ ವೇದಿಕೆಯಲ್ಲಿಯೇ ಇಂತಹ ಪ್ರಯೋಗ ನಡೆದಿದೆ.

ಎರಡನೆಯದು ಗುಣಮಟ್ಟದ ವಿವರಣೆ. ಉಂಡೆಕೊಬ್ಬರಿಯು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲುಗಿಸಿದಾಗ ಚಿಪ್ಪಿನೊಳಗೆ ಗಡಗಡನೆ ಸದ್ದು ಮಾಡುವಂತಾದ ಮೇಲೆ ಸಿದ್ಧವಾಗುವ ಸರಕು. ಅದರ ಗಾತ್ರ, ಬಣ್ಣ, ತೇವ, ಸುಕ್ಕು, ಬೂಷ್ಟುಗಳನ್ನು ನುರಿತ ವರ್ತಕನು ಒಂದು ನೋಟದಲ್ಲಿ ಅಳೆಯುತ್ತಾನೆ. ಆ್ಯಪ್‌ನಲ್ಲಿ ಕೇವಲ ‘ಉತ್ತಮ’ ಎಂದು ಬರೆದರೆ ದೂರದ ವರ್ತಕನು ನಂಬುವನೇ? ನಂಬದವನು ಸಂದೇಹದ ಬೆಲೆಯನ್ನು ಕಳೆದುಕೊಂಡೇ ಧಾರಣೆ ಹೇಳುತ್ತಾನೆ. ಆದುದರಿಂದ ಕೊಡುವವನಿಗೂ ಕೊಳ್ಳುವವನಿಗೂ ಸೇರದ ಮೂರನೆಯವರ ಪರೀಕ್ಷೆ, ಅಳತೆಯ ಅಂಕಿಗಳು, ಆ ಲಾಟಿನದೇ ಆದ ಚಿತ್ರ ಇವು ಅವಶ್ಯ. ಪರೀಕ್ಷೆಯ ಏರ್ಪಾಡಿಲ್ಲದ ಆ್ಯಪ್ ಹತ್ತಿರದ ಪೇಟೆಯನ್ನೇ ಕನ್ನಡಿಯಲ್ಲಿ ತೋರಿಸಿದಂತಾಗುವುದೇ ಹೊರತು ಹೊಸಬರನ್ನು ಕರೆತರಲಾರದು.

ಮೂರನೆಯದು ಕಾಲ. ಕೊಬ್ಬರಿ ಕೆಲವು ದಿನ ಕಾಯಬಲ್ಲದು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಮಾರಾಟವಾಗುವ ಹಲಸು ಕಾಯಲಾರದು. ಎರಡಕ್ಕೂ ಒಂದೇ ಗಡಿಯಾರ ಹೊಂದದು. ಹರಾಜಿನ ವೇಳೆಯನ್ನು ಸರಕಿನ ಸ್ವಭಾವಕ್ಕೆ ತಕ್ಕಂತೆ ಇಡಬೇಕು.

ನಾಲ್ಕನೆಯದು ನಿರಾಕರಣೆ ಮತ್ತು ಹಣ. ಧಾರಣೆ ಹಿಡಿಸದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಆದರೆ ಅದು ಕಾಗದದ ಹಕ್ಕಾಗಬಾರದು. ಅವನ ಮೊಬೈಲಿನಲ್ಲಿ ಅಂದಿನ ಧಾರಣೆಯೂ, ಬೆಂಬಲ ಬೆಲೆಯೂ (ಉಂಡೆಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕ್ವಿಂಟಲಿಗೆ 12,100 ರೂಪಾಯಿ), ಒಪ್ಪಿಗೆ–ನಿರಾಕರಣೆಗಳ ಗುಂಡಿಗಳೂ ಕನ್ನಡದಲ್ಲಿ ಒಂದೇ ಕಡೆ ಕಾಣಬೇಕು. ಹಣವು ಬ್ಯಾಂಕಿನ ಖಾತೆಗೆ ಸೇರುವವರೆಗೆ ಸರಕು ಪ್ರಾಂಗಣ ಬಿಡಬಾರದು. ಇನ್ನು ವರ್ತಕನು ಕೈತಪ್ಪಿ 15,000ಕ್ಕೆ ಒಂದು ಸೊನ್ನೆ ಹೆಚ್ಚು ಒತ್ತಿದರೆ ಆ್ಯಪ್ ತಡೆದು ಮತ್ತೊಮ್ಮೆ ಕೇಳಬೇಕು. ಸಂಪರ್ಕ ಕಡಿದರೆ ನಮೂದು ಸೇರಿತೋ ಇಲ್ಲವೋ ಎಂಬುದನ್ನು ನಿಸ್ಸಂದಿಗ್ಧವಾಗಿ ತಿಳಿಸಬೇಕು.

ಇವುಗಳಿಂದ ನಿಜವಾದ ಪ್ರಯೋಜನವಾಗುವುದೇ? ರೆಟ್ಸೆಫ್ ಲೆವಿ ಮೊದಲಾದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕರ್ನಾಟಕದ ವೇದಿಕೆಯಿಂದ ಭತ್ತದ ಧಾರಣೆ ಶೇಕಡ 5.1, ನೆಲಗಡಲೆಯದು 3.6, ಮೆಕ್ಕೆಜೋಳದ್ದು 3.5ರಷ್ಟು ಏರಿತು, ಎಲ್ಲ ಬೆಳೆಗಳಿಗೂ ಈ ಫಲ ಸಮನಾಗಿ ದೊರೆಯಲಿಲ್ಲ. ಏರಿಕೆ ಅಲ್ಪವೆಂದು ತೋರಬಹುದು. ಆದರೆ ಖರ್ಚು ಕಳೆದು ಸಣ್ಣ ರೈತನಿಗೆ ಉಳಿಯುವುದೇ ಅತ್ಯಲ್ಪವಾದುದರಿಂದ, ಧಾರಣೆಯಲ್ಲಿನ ನಾಲ್ಕೈದು ಅಂಶವು ಲಾಭದಲ್ಲಿ ಬಹು ದೊಡ್ಡ ಅಂಶವಾಗುತ್ತದೆ.

ಒಟ್ಟಿನಲ್ಲಿ, ಯಂತ್ರವು ತಾನೇ ನ್ಯಾಯವಾದ ಬೆಲೆಯನ್ನು ಹುಟ್ಟಿಸದು. ಕೊಳ್ಳುವವರ ಸಂಖ್ಯೆ, ಸರಕಿನ ಮೇಲಣ ನಂಬಿಕೆ, ಬೇಡವೆನ್ನುವ ಸ್ವಾತಂತ್ರ್ಯ ಈ ಮೂರೂ ಸೇರಿದಲ್ಲಿ ಅದು ಹುಟ್ಟುತ್ತದೆ. ಇಂತಹ ಆ್ಯಪ್ ರಚಿಸಹೊರಟ ವಿದ್ಯಾರ್ಥಿಯು ಗಣಕದ ಮುಂದೆ ಕುಳಿತುಕೊಳ್ಳುವ ಮೊದಲು ಹರಾಜಿನ ಒಂದು ಬೆಳಗನ್ನು ಪ್ರಾಂಗಣದಲ್ಲಿ ಕಳೆಯುವುದು ಉಚಿತವೆಂದು ನಮ್ಮ ಅಭಿಪ್ರಾಯ.